ಕೋರೆಗೂ ಗೋರಿಗೂ ಬೇಕಾದ್ದು ಒಂದೇ ಬಂಡೆ

ಕೊಡಗಿನ ಸೋಮವಾರಪೇಟೆ ಕಡೆಯ ದೊಡ್ಡಮೊಳತೆಯ ಮೋರಿಬೆಟ್ಟದಲ್ಲಿ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಬೃಹತ್ ಶಿಲಾಯುಗದ ಗೋರಿಗಳಿವೆ. ಊರಿನವರ ಬಾಯಲ್ಲಿ ಅವು ಮೋರಿಯರ ಮನೆ, ಪಾಂಡವರ ಮನೆ, ಕೊಡವರಲ್ಲಿ ಪಾಂಡುಪಾರೆ. ಇಂಥ ಗೋರಿ ಕಟ್ಟಲು ಈರುಳ್ಳಿ ಸಿಪ್ಪೆಯ ಹಾಗೆ ಪದರು ಬಿಡುವ ಹಾಸುಬಂಡೆ ಬೇಕು. ಹಾಗಾಗಿ ಬಾಣೆಯಲ್ಲಿ, ಅಂದರೆ ಗದ್ದೆಗೆ ಸೇರಿದ ಏರುನೆಲದಲ್ಲಿ, ಅಂಥ ಬಂಡೆ ತಲೆ ಎತ್ತಿದ ಕಡೆ, ಅದರ ಮೇಲೋ ಪಕ್ಕದ ಇಳಿಜಾರಿನಲ್ಲೋ ಗೋರಿ ಹುಡುಕಬೇಕು. ಇಂದಿನ ಕಲ್ಲುಕೋರೆಯವರಿಗೂ ಬೇಕಾದ್ದು ಮೇಲೆ ಮಣ್ಣು ಕಡಿಮೆಯಿರುವ ಅದೇ ಬಂಡೆ. ಕೋರೆಯ ಪಕ್ಕ ಗೋರಿ ಸಿಕ್ಕಿತು ಎಂದು ಅಚ್ಚರಿಪಡುವುದಕ್ಕಿಂತ, ಸಿಗದಿದ್ದರೆ ಯಾಕೆ ಸಿಗಲಿಲ್ಲ ಎಂದು ಕೇಳಿಕೊಳ್ಳುವುದು ಮೇಲು.

ಕೋರೆಯ ಸುತ್ತ ಇಂಥ ಹಳೆಯ ಕುರುಹು ಹುಡುಕುವ ಸರ್ವೆ ಎಂದರೆ ಕೋರೆ ಗುತ್ತಿಗೆಯ ನಾಲ್ಕು ಗಡಿಕಲ್ಲುಗಳ ಒಳಗೆ ಸುತ್ತಿ ಬರುವುದಲ್ಲ. ಗೋರಿಗಳು ಹಾಳಾಗುವುದು ಹೆಚ್ಚಾಗಿ ಗಡಿಯ ಹೊರಗೆ: ಲಾರಿ ರಸ್ತೆ ಬಿಡಿಸುವಾಗ, ಮೇಲ್ಮಣ್ಣು ಸುರಿಯುವಾಗ, ಕ್ರಷರ್‌ಗೆ ಜಾಗ ಸಮ ಮಾಡುವಾಗ. ಸಿಡಿತಕ್ಕೆ 500 ಮೀಟರ್ ಅಪಾಯದ ವಲಯ ಎಂದು ಗಣಿ ಸುರಕ್ಷತೆಯವರು ಹೇಳುತ್ತಾರಲ್ಲ, ಹುಡುಕಾಟಕ್ಕೂ ಅದೇ ಅಳತೆ ಇಟ್ಟುಕೊಂಡರೆ ವಾದಕ್ಕೆ ಎಡೆಯಿರುವುದಿಲ್ಲ.

ಮೊದಲ ಮೂರು ದಿನ ಕಾಗದದ ಕೆಲಸ. ಗ್ರಾಮನಕ್ಷೆ, ಪಹಣಿ, ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ, ಜೊತೆಗೆ 1886ರಲ್ಲಿ ಬಿ.ಎಲ್. ರೈಸ್ ಪ್ರಕಟಿಸಿದ ಕೊಡಗಿನ ಶಾಸನ ಸಂಪುಟ. ಮೋರಿ, ಪಾಂಡವ, ಕಡಂಗ (ಹಳೆಯ ಕಾಲದ ಕಾವಲು ಕಂದಕ), ಹಾಳು, ಬಸದಿ ಎಂಬ ಮಾತು ಸೇರಿದ ಜಾಗದ ಹೆಸರುಗಳನ್ನೆಲ್ಲ ಗುರುತು ಹಾಕಿಕೊಳ್ಳಿ. ತೋಟದ ಲೆಕ್ಕ ಬರೆಯುವ ರೈಟರನ್ನೂ ಹಳೆಯ ಕೆಲಸಗಾರರನ್ನೂ ಕೇಳುವಾಗ 'ಗೋರಿ ಇದೆಯಾ' ಎಂದರೆ ಉತ್ತರ ಬರುವುದಿಲ್ಲ; ನಿಧಿ ಹುಡುಕುವವರು ಬಂದರೆಂದು ಬಾಯಿ ಮುಚ್ಚುತ್ತಾರೆ. 'ಅಜ್ಜ, ಗಿಡ ನೆಡಲು ಗುಂಡಿ ತೆಗೆಯುವಾಗ ಚಪ್ಪಡಿ ತಾಗಿತ್ತಾ, ಬೋಕಿ ಚೂರು ಎದ್ದಿತ್ತಾ' ಎಂದು ಕೇಳಿ.

ಕಾಲ ಜನವರಿಯಿಂದ ಮಾರ್ಚ್. ಮಳೆಗಾಲದಲ್ಲಿ ಜಿಗಣೆಗಿಂತ ದೊಡ್ಡ ತೊಂದರೆ ಕಳೆಯದು, ನೆಲವೇ ಕಾಣುವುದಿಲ್ಲ. ಕಾಫಿ ಕೊಯ್ಲಿನ ಹೊತ್ತಿಗೆ ಹೋದರೆ ಕೆಲಸಗಾರರಿಗೆ ಅಡ್ಡಿ, ಹೂಮಳೆ ಬಿದ್ದು ಹೂ ಅರಳಿದ ವಾರದಲ್ಲಿ ಹೋದರೆ ಬೆಳೆಗಾರರಿಗೆ ಸಂಕಟ. ತೆರೆದ ಬಾಣೆಯಲ್ಲಿ ಇಬ್ಬರ ನಡುವೆ 10 ಮೀಟರ್ ಅಂತರ ಸಾಕು, ಕಾಫಿ ತೋಟದೊಳಗೆ 5 ಮೀಟರ್ ಮೀರಬಾರದು. ತರಗೆಲೆ ಮುಚ್ಚಿದಲ್ಲಿ ಅದೂ ಸಾಲದು. ಅಲ್ಲಿ ಮಳೆನೀರು ಇಂಗಲು ತೋಡಿದ ತೊಟ್ಟಿಲು ಗುಂಡಿಗಳನ್ನೂ ಚರಂಡಿಯ ಕೊರೆತವನ್ನೂ ಒಂದೊಂದಾಗಿ ಇಣುಕಿ ನೋಡಬೇಕು. ಬೇರೆಯವರು ತೋಡಿದ ಗುಂಡಿಯೇ ನಿಮ್ಮ ಕಿಟಕಿ. ನೀವಾಗಿ ಒಂದು ಗುದ್ದಲಿಯನ್ನೂ ಹಾಕುವಂತಿಲ್ಲ, ಅಗೆತಕ್ಕೆ ಅನುಮತಿ ಬೇರೆಯೇ ಬೇಕು. ಪ್ರತಿ ಸಾಲಿನಲ್ಲೂ ನೆಲ ನೂರಕ್ಕೆ ಎಷ್ಟು ಭಾಗ ಕಂಡಿತು ಎಂದು ಬರೆಯಿರಿ. ಹತ್ತರಷ್ಟೂ ಕಾಣದ ಕಡೆ 'ಏನೂ ಇಲ್ಲ' ಎಂದು ವರದಿ ಮಾಡುವುದು ಸುಳ್ಳು ಹೇಳಿದಂತೆಯೇ. ಆನೆ ಓಡಾಡುವ ಕಡೆ ಸಂಜೆ ನಾಲ್ಕರೊಳಗೆ ಹೊರಗೆ ಬನ್ನಿ.

ಗೋರಿ ಸಿಕ್ಕಿದರೆ ಮುಚ್ಚುಗಲ್ಲಿನ ಉದ್ದ, ಅಗಲ, ದಪ್ಪ. ನಿಂತ ಚಪ್ಪಡಿ ಎಷ್ಟು, ಯಾವುದು ಒರಗಿದೆ. ಕಿಂಡಿ ಇದ್ದರೆ ಅದರ ಅಡ್ಡಳತೆ ಮತ್ತು ಅದು ನೋಡುವ ದಿಕ್ಕು. ಸುತ್ತ ಕಲ್ಲುವೃತ್ತ ಇದ್ದರೆ ಒಂದೇ ಅಡ್ಡಳತೆ ಸಾಲದು, ಎರಡು ದಿಕ್ಕಿನಲ್ಲಿ ಅಳೆಯಬೇಕು, ಏಕೆಂದರೆ ಇಳಿಜಾರಿನಲ್ಲಿ ಕೆಳಬದಿಯ ಕಲ್ಲುಗಳು ಜಾರಿರುತ್ತವೆ. ಫೋಟೋದಲ್ಲಿ ಅಳತೆಕೋಲು, ಉತ್ತರದ ಬಾಣ ಎರಡೂ ಇರಲಿ. ಸಿಲ್ವರ್ ಮರಗಳ ಕೆಳಗೆ ಕೈ ಜಿಪಿಎಸ್ 10 ಮೀಟರ್‌ವರೆಗೂ ತಪ್ಪಬಹುದು. ಕೋರೆಯ ಗಡಿ ಒಂದು ಕಡೆ, ಗೋರಿ ಇನ್ನೊಂದು ಕಡೆ ಎಂದು ತೀರ್ಮಾನಿಸಬೇಕಾದಾಗ ಆ ತಪ್ಪಿನಲ್ಲಿ ಗೋರಿಯೇ ಹೋಗಬಹುದು. ಹತ್ತಿರದ ಗಡಿಕಲ್ಲಿನಿಂದ ಟೇಪು ಹಿಡಿದು ಅಳೆದುಬಿಡಿ.

ಚೂರುಗಳಲ್ಲಿ ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಮಡಕೆ ಬಾಯಿಯ ತುಂಡು ಸಿಕ್ಕರೆ ಅದೃಷ್ಟ. ಎಲುಬು ಸಿಗಲಿಲ್ಲವೆಂದು ಇದು ಗೋರಿಯೇ ಅಲ್ಲ ಅನ್ನಬೇಡಿ, ಇಲ್ಲಿನ ಹುಳಿಮಣ್ಣಿನಲ್ಲಿ ಅದು ಕರಗಿಹೋಗುತ್ತದೆ. ದೇವರಕಾಡಿನಲ್ಲಿ ರಾಶಿ ಬಿದ್ದಿರುವ ಸುಟ್ಟಮಣ್ಣಿನ ನಾಯಿಗಳು ಅಯ್ಯಪ್ಪನಿಗೆ ಒಪ್ಪಿಸಿದ ಹರಕೆ. ಅವನ್ನು ಲೆಕ್ಕಕ್ಕೆ ಸೇರಿಸಿ ಕಾಲ ಹಿಂದಕ್ಕೆ ಎಳೆಯುವ ಉತ್ಸಾಹಿಗಳು ಇಲ್ಲದಿಲ್ಲ. ಇನ್ನೂ ದೊಡ್ಡ ಮೋಸ ಬೆಣಚುಕಲ್ಲಿನದು. ಸಿಡಿತಕ್ಕೆ ಒಡೆದು ಬಿದ್ದ ಬೆಣಚಿನ ಚಕ್ಕೆ ನೋಡಲು ಸೂಕ್ಷ್ಮ ಶಿಲಾಯುಧದ (ಆದಿಮಾನವರ ಪುಟ್ಟ ಕಲ್ಲಿನ ಆಯುಧದ) ಹಾಗೇ ಇರುತ್ತದೆ. ಹೊಡೆತ ಬಿದ್ದ ಅಂಚು, ಅದರ ಕೆಳಗೆ ಉಬ್ಬು, ಒಂದೇ ಕಡೆಯಿಂದ ಸಾಲಾಗಿ ತೆಗೆದ ಚಿಕ್ಕ ಚಕ್ಕೆಗಳ ಗುರುತು, ಈ ಮೂರೂ ಒಟ್ಟಿಗೆ ಇಲ್ಲದಿದ್ದರೆ ಬಿಟ್ಟುಬಿಡಿ. ಕೋರೆಯಿಂದ 200 ಮೀಟರ್ ಒಳಗೆ ಬಿಡಿಯಾಗಿ ಸಿಕ್ಕ ಒಂದೇ ಚಕ್ಕೆಯನ್ನು ಈ ಮೂರೂ ಇದ್ದರೂ ನಂಬಬಾರದು.

ಕಡಂಗ ಗುರುತಿಸುವಲ್ಲಿ ಕೊಡಗಿನದೇ ಒಂದು ಗೊಂದಲವಿದೆ. ಶಕ 809ರ ಬಿಳಿಯೂರು ಶಾಸನದಲ್ಲೇ ಪೆನ್ನೆಕಡಂಗ ಎಂಬ ಹೆಸರು ಬರುತ್ತದೆ, ಅಷ್ಟು ಹಳೆಯ ಮಾತು ಅದು. ಆದರೆ ಕಾಡಂಚಿನ ಆನೆ ಕಂದಕವೂ ಉದ್ದದ ಹಳ್ಳವೇ. ಜೆಸಿಬಿ ತೋಡಿದ್ದರೆ ಗೋಡೆ ಕಡಿದಾಗಿ, ಹಲ್ಲಿನ ಗೆರೆ ಉಳಿದಿರುತ್ತದೆ, ಅಗಲ ಒಂದೇ ಸಮ. ಕಡಂಗದ ಅಂಚು ಮಳೆಗೆ ಸವೆದು ದುಂಡಗಾಗಿರುತ್ತದೆ, ದಿಬ್ಬದ ಮೇಲೆ ದೊಡ್ಡ ಮರಗಳು ಬೇರು ಬಿಟ್ಟಿರುತ್ತವೆ, ಬೆಟ್ಟದ ಏಣನ್ನು ಹಿಡಿದು ಅದು ಹೋಗುತ್ತದೆ. ಹಳೆಯ ಕಡಂಗವನ್ನೇ ಆಳ ಮಾಡಿ ಆನೆ ಕಂದಕ ಮಾಡಿಕೊಂಡಿದ್ದರೆ ಎರಡೂ ಗುರುತು ಒಂದೇ ಕಡೆ ಇರುತ್ತವೆ. ಆಗ 50 ಮೀಟರಿಗೊಮ್ಮೆ ಅಡ್ಡಸೀಳಿನ ನಕ್ಷೆ ಬರೆಯುವುದೊಂದೇ ದಾರಿ.

ಕಾನೂನಿನ ಮಾತು ಚಿಕ್ಕದು. ರಾಷ್ಟ್ರೀಯ ಸಂರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಪಟ್ಟಿಯಲ್ಲಿಲ್ಲದ ಗೋರಿಗೆ, ವೀರಗಲ್ಲಿಗೆ, ಕಡಂಗದ ತುಂಡಿಗೆ ಈ ಬೇಲಿಯಿಲ್ಲ. ಅವಕ್ಕೆ ನಿಮ್ಮ ವರದಿಯಲ್ಲಿನ ಅಳತೆಯೇ ಬೇಲಿ.

ಸಿಡಿತದ ಕಂಪನಕ್ಕೆ ಮಾತ್ರ ಖಚಿತ ಅಂಕಿಗಳಿವೆ. ಗಣಿ ಸುರಕ್ಷತಾ ನಿರ್ದೇಶನಾಲಯದ 1997ರ ಸುತ್ತೋಲೆಯ ಪ್ರಕಾರ ಐತಿಹಾಸಿಕ ಮಹತ್ವದ ರಚನೆಯ ಬಳಿ ನೆಲದ ಕಂಪನದ ವೇಗ, ಆವರ್ತನ 8 ಹರ್ಟ್ಸ್‌ಗಿಂತ ಕಡಿಮೆಯಿದ್ದಾಗ ಸೆಕೆಂಡಿಗೆ 2 ಮಿಲಿಮೀಟರ್, 8ರಿಂದ 25 ಹರ್ಟ್ಸ್‌ನಲ್ಲಿ 5, ಅದಕ್ಕೂ ಮೇಲೆ 10 ಮೀರಬಾರದು. ಗಾರೆಯಿಲ್ಲದೆ ಬರೀ ಭಾರದ ಮೇಲೆ ನಿಂತ ಚಪ್ಪಡಿಗೆ 2ನ್ನೇ ಮಿತಿ ಎಂದು ಕೇಳುವುದು ಒಳ್ಳೆಯದು. ಮಾಪಕವನ್ನು ಕೋರೆಯ ಅಂಚಿನಲ್ಲಿಟ್ಟು ಅಳೆದ ಅಂಕಿ ಒಪ್ಪಬೇಡಿ, ಗೋರಿಯ ಬುಡದಲ್ಲಿ ಇಡಿಸಿ. ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ಅದೇ ಜಾಗದಿಂದ ಫೋಟೋ ತೆಗೆದರೆ ಒರಗಿದ್ದು ಕಂಪನಕ್ಕೋ ಮಣ್ಣು ಕುಸಿದೋ ಎಂಬುದು ತಿಳಿಯುತ್ತದೆ. ಫೋಟೋ ಜಾಗಕ್ಕೆ ನೆಲದಲ್ಲಿ ಗೂಟ ಹೊಡೆಯಿರಿ, ಚಪ್ಪಡಿಯ ಮೇಲೆ ಬಣ್ಣದಲ್ಲಿ ನಂಬರ್ ಬರೆಯಬೇಡಿ. ಕೋರೆಯಲ್ಲಿ ಬಂಡೆಗೆ ಬಣ್ಣದ ಗುರುತು ಹಾಕಿದರೆ ಒಡೆಯುವವನು ಅದನ್ನು ತನಗೆ ಹೇಳಿದ ಲೆಕ್ಕ ಎಂದುಕೊಳ್ಳಬಹುದು.