ಮೂರನೇ ಬಾಟಲಿ

ಹೊಸ ಆಹಾರ ಸುರಕ್ಷತಾ ಅಧಿಕಾರಿ (ಎಫ್‌ಎಸ್‌ಒ) ಒಬ್ಬರ ಲಾಗ್‌ಬುಕ್‌ನಲ್ಲಿ ‘ಹಾಲಿನ ಸ್ಯಾಂಪಲ್ ತೆಗೆಯಲು ಸಮರ್ಥರು’ ಎಂಬ ಸಾಲಿನೆದುರು ನನ್ನ ಸಹಿ ಇತ್ತು. ಸಹಿಯ ಶಾಯಿ ಆರುವ ಮೊದಲೇ ಎಂಬಂತೆ ಫುಡ್ ಅನಲಿಸ್ಟರ ಪತ್ರ ಬಂತು: ಸ್ಯಾಂಪಲ್ ಹಾಲು ಒಡೆದಿದೆ, ಪರೀಕ್ಷೆಗೆ ಯೋಗ್ಯವಾಗಿಲ್ಲ, ಎರಡನೇ ಭಾಗ ಕಳಿಸಿ. ತಪ್ಪು ಆ ಹೊಸ ಅಧಿಕಾರಿಯದ್ದು ಎಂದು ಕಚೇರಿಯಲ್ಲಿ ಮಾತಾಯಿತು. ಅರ್ಧ ತಪ್ಪು ನನ್ನದು, ಇನ್ನರ್ಧ ನಾವು ತರಬೇತಿ ಕೊಡುವ ರೀತಿಯದ್ದು.

ಅವರ ಓದಿನಲ್ಲಿ ಕೊರತೆಯೇ ಇರಲಿಲ್ಲ. ಆಹಾರ ಸುರಕ್ಷತಾ ಅಧಿಕಾರಿ ಆಗಲು ಏನು ಬೇಕು ಎಂಬುದನ್ನು 2011ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ನಿಯಮಗಳು ಸ್ಪಷ್ಟವಾಗಿಯೇ ಹೇಳುತ್ತವೆ. ಆಹಾರ ತಂತ್ರಜ್ಞಾನ, ಡೇರಿ ತಂತ್ರಜ್ಞಾನ, ಬಯೋಟೆಕ್ನಾಲಜಿ, ಎಣ್ಣೆ ತಂತ್ರಜ್ಞಾನ, ಕೃಷಿ ವಿಜ್ಞಾನ, ಪಶುವೈದ್ಯ, ಜೀವರಸಾಯನ, ಸೂಕ್ಷ್ಮಜೀವಿ ವಿಜ್ಞಾನ ಇವುಗಳಲ್ಲೊಂದು ಪದವಿ ಇರಬೇಕು, ಇಲ್ಲವೇ ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಅಥವಾ ವೈದ್ಯಕೀಯ ಪದವಿ. ಅದರ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಹೇಳಿದ ತರಬೇತಿ ಮುಗಿಸಿರಬೇಕು. ಆಹಾರ ತಯಾರಿಕೆ, ಆಮದು, ಮಾರಾಟದಲ್ಲಿ ಹಣದ ಪಾಲಿರುವವರನ್ನು ನೇಮಿಸುವಂತಿಲ್ಲ. ಹಳೆಯ 1954ರ ಕಲಬೆರಕೆ ತಡೆ ಕಾಯ್ದೆಯ ಕಾಲದಲ್ಲಿ ಫುಡ್ ಇನ್‌ಸ್ಪೆಕ್ಟರ್ ಆಗುವ ವಿಜ್ಞಾನ ಪದವೀಧರರಿಗೆ ತಪಾಸಣೆ ಮತ್ತು ಸ್ಯಾಂಪಲ್ ಕೆಲಸದಲ್ಲೇ ಮೂರು ತಿಂಗಳ ತರಬೇತಿ ಎಂದಿತ್ತು. ‘ಸ್ಯಾಂಪಲ್ ಕೆಲಸ’ ಎಂಬ ಮಾತು ನಿಯಮದಲ್ಲೇ ಇದ್ದದ್ದು ನನಗೆ ಇಷ್ಟವಾಗುತ್ತದೆ.

ನರ್ಸ್‌ಗಳಿಗೆ, ಫಾರ್ಮಸಿಸ್ಟ್‌ಗಳಿಗೆ ಕೌನ್ಸಿಲ್ ನೋಂದಣಿ ಇದೆ. ನಮಗೆ ಇರುವುದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 37ನೇ ಸೆಕ್ಷನ್ ಅಡಿ ಆಹಾರ ಸುರಕ್ಷತಾ ಆಯುಕ್ತರು ಹೊರಡಿಸುವ ಅಧಿಸೂಚನೆ. ಅದರಲ್ಲಿ ಹೆಸರು, ವ್ಯಾಪ್ತಿ ಎರಡೂ ಸರಿ ಇವೆಯೇ ಎಂದು ಕೆಲಸಕ್ಕೆ ಇಳಿಯುವ ಮೊದಲೇ ನೋಡಿಕೊಳ್ಳಬೇಕು. ಅಧಿಸೂಚನೆ ಹೊರಬೀಳುವ ಮೊದಲು ತೆಗೆದ ಸ್ಯಾಂಪಲ್, ವ್ಯಾಪ್ತಿಯ ಗಡಿ ದಾಟಿ ತೆಗೆದ ಸ್ಯಾಂಪಲ್, ಎಷ್ಟೇ ಚೆನ್ನಾಗಿ ಸೀಲ್ ಮಾಡಿದ್ದರೂ ನಿಲ್ಲುವುದಿಲ್ಲ.

ಸ್ಯಾಂಪಲ್ ತೆಗೆದ ಆ ಬೆಳಿಗ್ಗೆ ಐದೂ ಮುಕ್ಕಾಲು. ಹಾಲಿನ ಕ್ಯಾನ್‌ಗಳಿದ್ದ ಆಟೊ ನಿಲ್ಲಿಸಿದ್ದಾಯಿತು, ಸಾಕ್ಷಿಯೊಬ್ಬರು ಒಪ್ಪಿದರು, ಸ್ಯಾಂಪಲ್ ತೆಗೆಯುವ ನೋಟಿಸು, ಅಂದರೆ ಫಾರಂ 5ಎ ಕೊಟ್ಟು ಎರಡು ಲೀಟರಿನ ದುಡ್ಡು ಕೊಟ್ಟು ರಸೀದಿ ಪಡೆದದ್ದೂ ಆಯಿತು. ಕ್ಯಾನ್ ಕಲಕಿದ್ದು ಚೆನ್ನಾಗಿತ್ತು. ಪ್ಲಂಜರ್ ತಳ ಮುಟ್ಟುವ ಹಾಗೆ ಹತ್ತು ಹನ್ನೆರಡು ಸಲ ಮೇಲೆ ಕೆಳಗೆ ಆಡಿಸಿದರು. ನಿಂತ ಹಾಲಿನಲ್ಲಿ ಕೆನೆ ಮೇಲೆ ಕಟ್ಟುತ್ತದೆ. ಕಲಕದೆ ಮೇಲಿನಿಂದ ತೆಗೆದರೆ ಫ್ಯಾಟ್ ಹೆಚ್ಚು, ತಳದಿಂದ ತೆಗೆದರೆ ಕಡಿಮೆ. ವಿಚಾರಣೆಯಲ್ಲಿ ವಕೀಲರು ಮೊದಲು ಹಿಡಿಯುವ ಎಳೆ ಇದೇ.

ಒಣಗಿದ ನಾಲ್ಕು ಬಾಟಲಿಗಳಿಗೆ ಅರ್ಧರ್ಧ ಲೀಟರ್ ಹಾಲು. ಹಾಲು ಕೆಡದಂತೆ ಹಾಕುವ ಫಾರ್ಮಲಿನ್ (ಸುಮಾರು 40 ಪರ್ಸೆಂಟ್ ಫಾರ್ಮಾಲ್ಡಿಹೈಡ್ ಇರುವ ದ್ರಾವಣ) 25 ಮಿಲಿಗೆ 0.1 ಮಿಲಿ, ಅಂದರೆ ಎರಡು ಹನಿ. 500 ಮಿಲಿಗೆ 2 ಮಿಲಿ, ನಲವತ್ತು ಹನಿ. ಎರಡು ಬಾಟಲಿ ಮುಗಿದು ಮೂರನೆಯದು ಕೈಯಲ್ಲಿದ್ದಾಗ ಹಾಲಿನವರ ತಾಳ್ಮೆ ತಪ್ಪಿತು. “ಸಾರ್, ಮನೆಮನೆಗೆ ಹಾಕೋ ಹಾಲಿದು. ಹೊತ್ತಾಗಿ ಒಡೆದ್ರೆ ಯಾರು ಕೊಡ್ತಾರೆ?” ಸುತ್ತ ಜನ ಸೇರತೊಡಗಿದರು. ಹೊಸ ಅಧಿಕಾರಿ ಬಾಟಲಿ ಕೆಳಗಿಟ್ಟು ಎದ್ದು ಉತ್ತರ ಹೇಳಿದರು, ಸಮಾಧಾನ ಮಾಡಿದರು, ಮತ್ತೆ ಕೂತರು. ಅಷ್ಟರಲ್ಲಿ ಬಾಟಲಿಗಳ ಜಾಗ ಅದಲುಬದಲಾಗಿತ್ತು. ಒಂದಕ್ಕೆ ಹನಿ ಹಾಕಿ, ನಾಲ್ಕಕ್ಕೂ ಮುಚ್ಚಳ ಬಿಗಿದ ಮೇಲೆ ಕೈ ನಿಂತಿತು.

“ಸರ್, ಮೂರನೇದಕ್ಕೆ ಹಾಕಿದ್ನಾ?”

ಆಗ ನಾನು ಸ್ಯಾಂಪಲ್ ಜೊತೆ ಅನಲಿಸ್ಟರಿಗೆ ಹೋಗುವ ಫಾರಂ 6 ತುಂಬುತ್ತಿದ್ದೆ. ಒಂದು ಕಣ್ಣು ಜನರ ಮೇಲಿತ್ತು. ಬಾಟಲಿ ನೋಡಿರಲಿಲ್ಲ. ಆದರೂ ಬಾಯಿಂದ ಬಂದದ್ದು, “ಹಾಕಿದ್ರಿ, ಮುಂದುವರಿಸಿ.” ಅವರು ನನ್ನ ಮುಖ ನೋಡಿದರು, ಬಾಟಲಿ ನೋಡಿದರು, ಕಾಗದ ಸುತ್ತತೊಡಗಿದರು. ಕೇಳಬೇಕಾದ ಪ್ರಶ್ನೆಯನ್ನು ಅವರು ಸರಿಯಾಗಿಯೇ ಕೇಳಿದ್ದರು. ಹಿರಿಯನ ಮಾತಿಗೆ ಎದುರಾಡಬಾರದೆಂದು ಸುಮ್ಮನಾದರು.

ಅನುಮಾನ ಬಂದ ಕ್ಷಣಕ್ಕೆ ದಾರಿ ಒಂದೇ ಇತ್ತು. ನಾಲ್ಕೂ ಬಾಟಲಿ ಪಕ್ಕಕ್ಕಿಟ್ಟು, ಕ್ಯಾನ್ ಮತ್ತೆ ಕಲಕಿ, ಬ್ಯಾಗಿನಲ್ಲಿರುವ ಎರಡನೇ ಸೆಟ್ ಒಣ ಬಾಟಲಿಗಳಿಗೆ ಹೊಸದಾಗಿ ತುಂಬುವುದು. ಇನ್ನೆರಡು ಲೀಟರಿನ ಬೆಲೆ ಕೊಡುವುದು, ಯಾಕೆ ಮತ್ತೆ ತೆಗೆದೆವು ಎಂದು ಮಹಜರಿನಲ್ಲಿ ಸಾಕ್ಷಿಯ ಎದುರೇ ಬರೆಯುವುದು. ಹೆಚ್ಚೆಂದರೆ ಹತ್ತು ನಿಮಿಷ. ಆ ಹತ್ತು ನಿಮಿಷದ ಜಗಳ ತಪ್ಪಿಸಲು ಹೋಗಿ ಕೇಸಿನ ಬಲವನ್ನೇ ಕಳೆದುಕೊಂಡೆವು.

ನಾಲ್ಕು ಭಾಗದಲ್ಲಿ ಒಂದು ಅನಲಿಸ್ಟರಿಗೆ, ಎರಡು ಅಂಕಿತ ಅಧಿಕಾರಿ (ಡಿಒ) ಸುಪರ್ದಿಗೆ, ನಾಲ್ಕನೆಯದು ಆಹಾರ ವ್ಯಾಪಾರಿ (ಎಫ್‌ಬಿಒ) ಕೇಳಿದರೆ ಮಾನ್ಯತೆ ಪಡೆದ ಲ್ಯಾಬಿಗೆ. ಅನಲಿಸ್ಟರಿಗೆ ಹೋದದ್ದು ಫಾರ್ಮಲಿನ್ ಇಲ್ಲದ ಆ ಬಾಟಲಿಯೇ. ಸ್ಯಾಂಪಲ್ ಯೋಗ್ಯವಲ್ಲದಿದ್ದರೆ ಅವರು ಏಳು ದಿನದೊಳಗೆ ತಿಳಿಸಿ ಎರಡನೇ ಭಾಗ ಕೇಳುತ್ತಾರೆ, ಹಾಗೇ ಕೇಳಿದರು. ಡಿಒ ಬಳಿಯ ಎರಡರಲ್ಲಿ ಒಂದು ಹೋಯಿತು. ವರದಿ ಕೈಗೆ ಬಂದ 30 ದಿನದೊಳಗೆ ಎಫ್‌ಬಿಒ ಅಪೀಲಿಗೆ ಹೋಗಬಹುದು. ಆಗ ಮರುಪರೀಕ್ಷೆ ಮಾಡುವ ರೆಫರಲ್ ಲ್ಯಾಬಿಗೆ ಕಳಿಸಲು ಡಿಒ ಬಳಿ ಉಳಿದದ್ದು ಒಂದೇ ಬಾಟಲಿ. ಅದು ಸಾಗಣೆಯಲ್ಲಿ ಒಡೆದಿದ್ದರೆ ಮುಂದೆ ಹೇಳಲು ಏನೂ ಇರುತ್ತಿರಲಿಲ್ಲ.

ಈಗ ಹನಿ ಎಣಿಸುವುದನ್ನೇ ಬಿಟ್ಟಿದ್ದೇವೆ. ಹೊರಡುವ ಮೊದಲು ಕಚೇರಿಯಲ್ಲೇ ಪಿಪೆಟ್‌ನಿಂದ ಅಳೆದು, ತಿರುಗಿಸುವ ಮುಚ್ಚಳದ ನಾಲ್ಕು ಪುಟ್ಟ ಗಾಜಿನ ಶೀಷೆಗಳಿಗೆ ತಲಾ 2 ಮಿಲಿ ಫಾರ್ಮಲಿನ್ ತುಂಬಿಕೊಳ್ಳುತ್ತೇವೆ. ಒಂದು ಬಾಟಲಿಗೆ ಒಂದು ಶೀಷೆ. ಸುರಿದ ಖಾಲಿ ಶೀಷೆ ಆ ಬಾಟಲಿಯ ಪಕ್ಕದಲ್ಲೇ ನಿಲ್ಲಬೇಕು, ನಾಲ್ಕೂ ಖಾಲಿ ಎಂದು ಸಾಕ್ಷಿಯೂ ನೋಡಬೇಕು. ನೆನಪಿನ ಮೇಲೆ ಭಾರ ಬೀಳುವುದಿಲ್ಲ. ಹನಿ ಲೆಕ್ಕಕ್ಕೆ ಇನ್ನೊಂದು ತೊಂದರೆಯೂ ಇತ್ತು: ಸಣ್ಣ ಮೂತಿಯ ಪ್ಲಾಸ್ಟಿಕ್ ಡ್ರಾಪರ್‌ನ ಹನಿ ಚಿಕ್ಕದು, ನಲವತ್ತು ಹಾಕಿದರೂ 2 ಮಿಲಿ ಆಗುವುದಿಲ್ಲ. ಇನ್ನು ಹಳೆಯ ಫಾರ್ಮಲಿನ್ ಬಾಟಲಿಯ ತಳದಲ್ಲಿ ಬಿಳಿ ಗಸಿ ಕೂತಿದ್ದರೆ ಅದನ್ನು ಒಯ್ಯಲೇಬಾರದು. ಫಾರ್ಮಾಲ್ಡಿಹೈಡ್ ಗಟ್ಟಿಯಾಗಿ ಕೆಳಗಿಳಿದಿರುತ್ತದೆ, ಮೇಲಿನ ದ್ರವದಲ್ಲಿ 40 ಪರ್ಸೆಂಟ್ ಇರುವುದಿಲ್ಲ.

ಹಾಕಿದ ಮೇಲೆ ಬಾಟಲಿಯನ್ನು ನಿಧಾನವಾಗಿ ತಲೆಕೆಳಗು ಮಾಡಿ ಬೆರೆಸಬೇಕು. ಜೋರಾಗಿ ಕುಲುಕಿದರೆ ಬೆಣ್ಣೆಯ ಕಣ ಏಳುತ್ತದೆ. ಲೇಬಲ್‌ನಲ್ಲಿ ‘ಫಾರ್ಮಲಿನ್, 2 ಮಿಲಿ’ ಎಂದು ಬರೆಯದಿದ್ದರೆ, ಅದನ್ನು ಹಾಕಿದ್ದು ನಾವೋ ಮಾರಿದವರೋ ಎಂದು ತಿಳಿಯಲು ಅನಲಿಸ್ಟರಿಗೆ ದಾರಿಯೇ ಇಲ್ಲ. ಸೂಕ್ಷ್ಮಜೀವಿ ಪರೀಕ್ಷೆಯ ಸ್ಯಾಂಪಲ್‌ಗೆ ಮಾತ್ರ ಇದು ವಿಷ. ಅದಕ್ಕೆ ಸ್ಟೆರೈಲ್ ಬಾಟಲಿ, ಐಸ್ ಬಾಕ್ಸ್ ಅಷ್ಟೇ. ತರಬೇತಿಯಿಂದ ಬಂದವರು ಇವೆರಡನ್ನೂ ಕಲಸಿಕೊಳ್ಳುವುದು ಬಹಳ.

ಸೀಲ್ ಮಾಡುವುದೂ ಹಾಗೆಯೇ, ಸ್ಲೈಡ್ ನೋಡಿ ಬರುವ ಕೆಲಸವಲ್ಲ. ದಪ್ಪ ಕಾಗದ ಸುತ್ತಿ ತುದಿಗಳನ್ನು ಒಳಮಡಚಿ ಅಂಟಿಸಬೇಕು. ಡಿಒ ಸಹಿ ಮತ್ತು ಕೋಡ್ ನಂಬರ್ ಇರುವ ಚೀಟಿ ತಳದಿಂದ ತುದಿವರೆಗೆ ಪೂರ್ತಿ ಸುತ್ತಿ ಬರಬೇಕು. ಎಫ್‌ಬಿಒ ಸಹಿ ಅರ್ಧ ಚೀಟಿಯ ಮೇಲೆ, ಅರ್ಧ ಕಾಗದದ ಮೇಲೆ ಬೀಳಬೇಕು. ಆಮೇಲೆ ಅಡ್ಡ ಉದ್ದ ಹುರಿ ಕಟ್ಟಿ, ಅರಗಿನಲ್ಲಿ ಕನಿಷ್ಠ ನಾಲ್ಕು ಮುದ್ರೆ: ಮೇಲೊಂದು, ಕೆಳಗೊಂದು, ಮೈಮೇಲೆ ಎರಡು. ಹುರಿಯ ಗಂಟು ಅರಗಿನೊಳಗೆ ಮುಚ್ಚಿಹೋಗಬೇಕು. ಗಾಳಿ ಬೀಸುವ ರಸ್ತೆ ಬದಿಯಲ್ಲಿ ಮೇಣದಬತ್ತಿ ಆರುತ್ತದೆ, ಅರಗು ಅರೆಬೆಂದು ಮುದ್ರೆ ಮಸುಕಾಗುತ್ತದೆ. ಮುದ್ರೆಯ ಮಾದರಿಯನ್ನು ಅನಲಿಸ್ಟರಿಗೆ ಬೇರೆಯಾಗಿ ಕಳಿಸಿರುತ್ತೇವೆ, ಅದರ ಜೊತೆ ತಾಳೆಯಾಗದಿದ್ದರೆ ಅಲ್ಲೇ ತಕರಾರು. ಹಿತ್ತಾಳೆ ಸೀಲನ್ನು ಒದ್ದೆ ಬಟ್ಟೆಗೆ ಒತ್ತಿ ಆಮೇಲೆ ಅರಗಿಗೆ ಒತ್ತಿದರೆ ಅಂಟದೆ ಅಚ್ಚು ಸ್ಪಷ್ಟವಾಗಿ ಏಳುತ್ತದೆ.

ಇಷ್ಟನ್ನು ಕಲಿಸಲು ಹಾಲು, ಅರಗು, ಹುರಿ, ಖಾಲಿ ಬಾಟಲಿ ಸಾಕು. ಆದರೆ ಮೇಲಿನವರು ಕೇಳುವುದು ಎಷ್ಟು ಜನರಿಗೆ, ಎಷ್ಟು ದಿನ ತರಬೇತಿ ಆಯಿತು ಎಂಬ ಸಂಖ್ಯೆ. ಅಭ್ಯಾಸಕ್ಕೆಂದು ಅರಗಿಗೆ ಇಂಡೆಂಟ್ ಹಾಕಿದರೆ ‘ಕೇಸಿಲ್ಲದೆ ಅರಗು ಯಾಕೆ’ ಎಂದು ಫೈಲ್ ವಾಪಸ್ ಬರುತ್ತದೆ. ಪ್ರಮಾಣಪತ್ರಕ್ಕೆ ಹಾಜರಾತಿ ಮತ್ತು ಲಿಖಿತ ಪರೀಕ್ಷೆಯ ಅಂಕ ಸಾಕಾಗುತ್ತದೆ. ವಿನಾಕಾರಣ ಕಿರುಕುಳದ ಜಪ್ತಿ ಮಾಡಿದ ಅಧಿಕಾರಿಗೆ 39ನೇ ಸೆಕ್ಷನ್‌ನಲ್ಲಿ ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ ಎಂಬುದನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ, ಗಂಟಿನ ಮೇಲೆ ಅರಗು ಹಾಕಲು ಕೈ ನಡುಗುತ್ತದೆ.

ಆ ಲಾಗ್‌ಬುಕ್‌ನ ಸಹಿಯನ್ನು ದಿನಾಂಕ ಹಾಕಿ ಹೊಡೆದುಹಾಕಿದೆ. ನಂತರ ಅವರು ಕಚೇರಿ ಹಿಂದಿನ ಶೆಡ್ಡಿನಲ್ಲಿ ಆರು ಸೆಟ್ ಮಾಡಿದರು, ನೀರು ತುಂಬಿದ ಬಾಟಲಿಗಳಲ್ಲಿ ನಾಲ್ಕು, ಹಾಲಿನಲ್ಲಿ ಎರಡು. ಐದನೇ ಸೆಟ್‌ನಲ್ಲಿ ಬೇಕೆಂದೇ ನಡುವೆ ಮಾತಿಗೆಳೆದೆ. “ಸರ್, ಒಂದು ನಿಮಿಷ” ಎಂದು ಕೈ ಎತ್ತಿ ತಡೆದರು, ಖಾಲಿ ಶೀಷೆಗಳನ್ನು ಎಣಿಸಿದರು, ಆಮೇಲೆ ಉತ್ತರ ಕೊಟ್ಟರು. ಆರನೇ ಸೆಟ್ ಮುಗಿದ ಸಂಜೆ ಅದೇ ಸಾಲಿನ ಕೆಳಗೆ ಮತ್ತೆ ಸಹಿ ಹಾಕಿದೆ.