ಕಾಯುವುದೂ ಒಂದು ಕೆಲಸ

ನಿರ್ಮಾಣ ನಿರ್ವಹಣೆಯ ಸ್ನಾತಕೋತ್ತರ ತರಗತಿಯ ಮೊದಲ ವಾರದಲ್ಲಿ ನಮ್ಮ ಪ್ರಾಧ್ಯಾಪಕರು ಎರಡಂತಸ್ತಿನ ಒಂದು ಚಿಕ್ಕ ಕಟ್ಟಡದ ನಕ್ಷೆಯನ್ನು ಎಲ್ಲರಿಗೂ ಹಂಚಿ, ಅದನ್ನು ಕಟ್ಟಿ ಮುಗಿಸಲು ಏನೇನು ಕೆಲಸಗಳಾಗಬೇಕೆಂದು ಕ್ರಮವಾಗಿ ಪಟ್ಟಿ ಮಾಡಲು ಹೇಳಿದರು. ಎರಡು ವರ್ಷ ಸೈಟಿನಲ್ಲಿ ಎಂಜಿನಿಯರಾಗಿ ದುಡಿದು ಬಂದಿದ್ದ ನನಗೆ ಅದು ಮಕ್ಕಳಾಟದಂತೆ ಕಂಡಿತು. ಪಾಯ ಅಗೆಯುವುದರಿಂದ ಹಿಡಿದು ಬಣ್ಣ ಬಳಿಯುವವರೆಗೆ 42 ಕೆಲಸಗಳನ್ನು ಬರೆದು ಎಲ್ಲರಿಗಿಂತ ಮೊದಲು ಕೊಟ್ಟೆ. ಅವರು ಹಾಳೆಯ ಮೇಲೆ ಕಣ್ಣಾಡಿಸಿ, ಮೊದಲ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, "ಇದರ ಮಾರನೆಯ ದಿನವೇ ಸ್ಲ್ಯಾಬಿನ ಕೆಳಗೆ ಗೋಡೆ ಕಟ್ಟಲು ಹೊರಟಿದ್ದೀರಲ್ಲ, ಸೆಂಟ್ರಿಂಗ್ ಕಂಬಗಳನ್ನು ಏನು ಮಾಡಿದಿರಿ?" ಎಂದು ಕೇಳಿದರು.

ಹಸಿ ಸ್ಲ್ಯಾಬನ್ನು ಕೆಳಗಿನಿಂದ ಹೊತ್ತು ನಿಲ್ಲುವ ಆ ಕಂಬಗಳು ಅಲ್ಲೇ ಇದ್ದವು. ಕಾಂಕ್ರೀಟ್ ತನ್ನ ಭಾರವನ್ನು ತಾನೇ ಹೊರುವಷ್ಟು ಗಟ್ಟಿಯಾಗುವವರೆಗೆ ಅವನ್ನು ತೆಗೆಯುವಂತಿಲ್ಲ ಎಂಬುದು ನನಗೆ ತಿಳಿಯದ ವಿಷಯವೇನಾಗಿರಲಿಲ್ಲ. ಎಷ್ಟೋ ಸ್ಲ್ಯಾಬುಗಳ ಕೆಳಗೆ ನಾನೇ ನಿಂತು ಕಂಬ ಬಿಚ್ಚಿಸಿದ್ದೆ. ಆದರೂ ಪಟ್ಟಿ ಬರೆಯುವಾಗ ಆ ದಿನಗಳು ನನ್ನ ಲೆಕ್ಕಕ್ಕೆ ಬರಲಿಲ್ಲ, ಏಕೆಂದರೆ ಆಗ ಯಾರೂ ಏನನ್ನೂ ಮಾಡುತ್ತಿರುವುದಿಲ್ಲ. ಯಾರ ಕೈಯೂ ಆಡದ ಹೊತ್ತನ್ನು ಕೆಲಸವೆಂದು ಬರೆಯುವುದು ಹೇಗೆ ಎಂಬುದೇ ನನಗೆ ಹೊಳೆದಿರಲಿಲ್ಲ. ಪ್ರಾಧ್ಯಾಪಕರು ನನ್ನ ಪಟ್ಟಿಯಲ್ಲಿ 17ಕ್ಕೂ 18ಕ್ಕೂ ನಡುವೆ "ಕಾಯುವುದು" ಎಂದು ಬರೆದು, ಪಕ್ಕದಲ್ಲಿ ದಿನಗಳ ಸಂಖ್ಯೆಗಾಗಿ ಜಾಗ ಬಿಟ್ಟು ಹಾಳೆಯನ್ನು ಹಿಂದಿರುಗಿಸಿದರು.

ಸಿವಿಲ್ ಎಂಜಿನಿಯರಿಂಗ್ ಓದಿದವರು ಮತ್ತೆ ಇದನ್ನೇಕೆ ಓದಬೇಕು ಎಂದು ಕೇಳುವವರಿಗೆ ನಾನು ಈ ಪ್ರಸಂಗವನ್ನೇ ಹೇಳುತ್ತೇನೆ. ತೊಲೆ ಎಷ್ಟು ಭಾರ ಹೊರುತ್ತದೆ ಎಂಬುದನ್ನು ಎಂಜಿನಿಯರಿಂಗ್ ಕಲಿಸುತ್ತದೆ. ಆ ತೊಲೆಗೆ ಬೇಕಾದ ಕಂಬಿ ಯಾವ ದಿನ ಬರಬೇಕು, ಅದನ್ನು ಬಾಗಿಸಿ ಕಟ್ಟುವವರು ಆ ದಿನ ಬೇರೆಲ್ಲಿಯೂ ಸಿಕ್ಕಿಹಾಕಿಕೊಳ್ಳದಂತೆ ಏನು ಮಾಡಬೇಕು, ಬಾರದಿದ್ದರೆ ನಷ್ಟ ಯಾರ ತಲೆಗೆ ಬರುತ್ತದೆ ಎಂಬ ಪ್ರಶ್ನೆಗಳು ಅಲ್ಲಿ ಏಳುವುದೇ ಇಲ್ಲ. ಇಲ್ಲಿ ಏಳುವುದೆಲ್ಲ ಅಂಥವೇ.

ಮೊದಲ ಸೆಮಿಸ್ಟರಿನ ಬಹುಪಾಲನ್ನು ನುಂಗಿದ್ದು ಕ್ರಿಟಿಕಲ್ ಪಾತ್ ವಿಧಾನ. 1957ರ ಸುಮಾರಿಗೆ ಅಮೆರಿಕದ ಡ್ಯುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ್‍ಯಾಂಡ್ ಕಂಪನಿಯ ಜೇಮ್ಸ್ ಕೆಲ್ಲಿ ಸೇರಿ ಇದನ್ನು ರೂಪಿಸಿದರು. ಅದಕ್ಕೂ ಮೊದಲು ಬಳಕೆಯಲ್ಲಿದ್ದ ಗ್ಯಾಂಟ್ ಚಾರ್ಟಿನಲ್ಲಿ ಒಂದೊಂದು ಕೆಲಸಕ್ಕೂ ದಿನಗಳ ಉದ್ದಕ್ಕೆ ಎಳೆದ ಅಡ್ಡಪಟ್ಟಿಗಳು ಯಾವ ಕೆಲಸ ಯಾವಾಗ ನಡೆಯುತ್ತದೆ ಎಂಬುದನ್ನು ಚೆನ್ನಾಗಿಯೇ ತೋರಿಸುತ್ತಿದ್ದವು. ಯಾವ ಕೆಲಸ ಯಾವುದಕ್ಕಾಗಿ ಕಾಯುತ್ತಿದೆ ಎಂಬುದು ಅವುಗಳಲ್ಲಿ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಹೊಸ ವಿಧಾನ ಕೆಲಸಗಳ ನಡುವೆ ಬಾಣ ಎಳೆದು, ಆರಂಭದಿಂದ ಕೊನೆಯವರೆಗಿನ ಅತಿ ಉದ್ದದ ಸರಪಣಿಯನ್ನು ಹುಡುಕಿ ತೆಗೆಯಿತು. ಆ ಸರಪಣಿಯ ಮೇಲಿನ ಯಾವುದೇ ಕೆಲಸ ಒಂದು ದಿನ ತಡವಾದರೂ ಇಡೀ ಯೋಜನೆ ಒಂದು ದಿನ ತಡವಾಗುತ್ತದೆ. ಅದರಿಂದ ಹೊರಗಿರುವ ಕೆಲಸಕ್ಕೆ ಸ್ವಲ್ಪ ಸಡಿಲ ಇರುತ್ತದೆ. ಅದಕ್ಕೆ ಫ್ಲೋಟ್ ಎನ್ನುತ್ತೇವೆ.

ಕೇಳಲು ಸುಲಭವಾದ ಈ ಮಾತು ಎಷ್ಟು ಮೋಸಗೊಳಿಸಬಲ್ಲದು ಎಂಬುದಕ್ಕೆ ತರಗತಿಯಲ್ಲಿ ಮಾಡಿದ ಒಂದು ಲೆಕ್ಕ ಈಗಲೂ ನೆನಪಿದೆ. ಕಿಟಕಿಗಳಿಗೆ ಆರ್ಡರ್ ಕೊಟ್ಟ ಮೇಲೆ ತಯಾರಾಗಿ ಬರಲು 6 ವಾರ ಬೇಕು. ಗೋಡೆಗಳು ಕಿಟಕಿ ಕೂರಿಸುವ ಹಂತಕ್ಕೆ ಬರಲು ಇನ್ನೂ 9 ವಾರ ಇವೆ. ಹಾಗಾಗಿ ಕಿಟಕಿಗೆ 3 ವಾರ ಫ್ಲೋಟ್ ಇದೆ, ಚಿಂತೆಗೆ ಕಾರಣವಿಲ್ಲ. ಕಟ್ಟಡದ ಮಾಲೀಕರು ಚೌಕಟ್ಟಿನ ಬಣ್ಣವನ್ನು ಆರಿಸುವುದಕ್ಕೆ 4 ವಾರ ತೆಗೆದುಕೊಂಡರು ಎಂದಿಟ್ಟುಕೊಳ್ಳಿ. ಗೋಡೆ ಕಟ್ಟುವವರು ಒಂದು ದಿನವೂ ಕೆಲಸ ತಪ್ಪಿಸಿಲ್ಲ, ಸಿಮೆಂಟ್ ಸಕಾಲಕ್ಕೆ ಬಂದಿದೆ, ಸೈಟಿನಲ್ಲಿ ನಿಂತು ನೋಡಿದವರಿಗೆ ಎಲ್ಲವೂ ಸುಗಮವಾಗಿದೆ. ಆದರೂ ಯೋಜನೆ ಒಂದು ವಾರ ಹಿಂದೆ ಬಿದ್ದಿದೆ. ಅದಕ್ಕಿಂತ ಕಠಿಣವಾದ ಪ್ರಶ್ನೆ ಮುಂದಿನದು: ಆ 3 ವಾರಗಳ ಫ್ಲೋಟ್ ಯಾರ ಸ್ವತ್ತು? ಗುತ್ತಿಗೆದಾರರದೋ ಮಾಲೀಕರದೋ? ಅದು ಯಾರೊಬ್ಬರದೂ ಅಲ್ಲ, ಯೋಜನೆಯದು. ಯಾರಿಗೆ ಮೊದಲು ಬೇಕಾಗುತ್ತದೋ ಅವರು ಬಳಸಬಹುದು ಎಂದು ಅನೇಕ ಕರಾರುಗಳು ಬರೆದಿಟ್ಟಿರುತ್ತವೆ. ಬರೆಯದೆ ಬಿಟ್ಟ ಕರಾರುಗಳಲ್ಲಿ ಈ ಒಂದು ಪ್ರಶ್ನೆಯ ಮೇಲೆಯೇ ವ್ಯಾಜ್ಯ ಬೆಳೆಯಬಲ್ಲದು.

ಇಂಥ ಜಾಲಗಳನ್ನು ಮೊದಲ ಎರಡು ತಿಂಗಳು ಕೈಯಿಂದಲೇ, ದೊಡ್ಡ ಹಾಳೆಯ ಮೇಲೆ, ಅಳಿಸಿ ಅಳಿಸಿ ಬರೆಯಬೇಕಾಗಿತ್ತು. ಆಗ ಗೊಣಗಿದ್ದುಂಟು. ಈಗ ನನ್ನ ಅಭಿಪ್ರಾಯ ಬದಲಾಗಿದೆ: ಕೈಲೆಕ್ಕ ಮಾಡದೆ ನೇರವಾಗಿ ಈ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುವ ಪ್ರಿಮಾವೆರಾ ತಂತ್ರಾಂಶ ಕಲಿತವರು ಅದು ಅತಿ ಉದ್ದದ ಸರಪಣಿಯೆಂದು ತೋರಿಸಿದ ಕೆಂಪು ಗೆರೆಯನ್ನು ದೇವವಾಣಿಯೆಂದು ನಂಬುತ್ತಾರೆ, ತಪ್ಪು ಬಾಣ ಎಳೆದದ್ದು ತಾವೇ ಎಂಬುದು ಅವರಿಗೆ ತಿಳಿಯುವುದೇ ಇಲ್ಲ. ಸಂಖ್ಯಾಶಾಸ್ತ್ರ ಮತ್ತು ಹಣಕಾಸು ನಿರ್ವಹಣೆಯ ವಿಷಯಗಳನ್ನು ಎಲ್ಲ ನಿರ್ವಹಣಾ ವಿದ್ಯಾರ್ಥಿಗಳಂತೆ ನಾವೂ ಓದಿ ಪಾಸಾದೆವು. ಅವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ.

ವೆಚ್ಚ ನಿಯಂತ್ರಣದಲ್ಲಿ ಮಾತ್ರ ಒಂದು ಲೆಕ್ಕ ನನ್ನ ಹಳೆಯ ಅಭ್ಯಾಸವನ್ನೇ ಮುರಿಯಿತು. ಸೈಟಿನಲ್ಲಿದ್ದಾಗ ತಿಂಗಳ ಕೊನೆಗೆ ನಾನು ಎರಡೇ ಅಂಕಿಗಳನ್ನು ಹೋಲಿಸುತ್ತಿದ್ದೆ, ಎಷ್ಟು ಖರ್ಚಾಗಬೇಕಿತ್ತು ಮತ್ತು ಎಷ್ಟಾಯಿತು. ಒಟ್ಟು 100ರ ಬಜೆಟ್ಟಿನಲ್ಲಿ ಈ ಹೊತ್ತಿಗೆ 50 ಆಗಬೇಕಿದ್ದು 45 ಆಗಿದ್ದರೆ 5 ಉಳಿಯಿತೆಂದು ಸಂತೋಷಪಡುತ್ತಿದ್ದೆ. ಅರ್ನ್ಡ್ ವ್ಯಾಲ್ಯೂ ಎಂಬ ಪದ್ಧತಿ ಮೂರನೆಯ ಅಂಕಿಯೊಂದನ್ನು ಕೇಳುತ್ತದೆ: ನಿಜವಾಗಿ ಆಗಿರುವ ಕೆಲಸದ ಬೆಲೆ ಬಜೆಟ್ಟಿನ ಪ್ರಕಾರ ಎಷ್ಟು? ಅದು 36 ಎಂದಾದರೆ ಉಳಿತಾಯದ ಮಾತೇ ಇಲ್ಲ. ಆಗಬೇಕಿದ್ದ 50ಕ್ಕೆ ಬದಲು 36ರಷ್ಟೇ ಕೆಲಸವಾಗಿದೆ, ಅದಕ್ಕೂ 45 ಸುರಿದಿದ್ದೇವೆ. 36ನ್ನು 45ರಿಂದ ಭಾಗಿಸಿದರೆ 0.8, ಇದೇ ರೀತಿಯಲ್ಲಿ ಮುಂದುವರಿದರೆ 100ರಲ್ಲಿ ಮುಗಿಯಬೇಕಿದ್ದ ಕಟ್ಟಡ 125ಕ್ಕೆ ಹೋಗಿ ನಿಲ್ಲುತ್ತದೆ. ನಾನು ಹಿಂದೆ ಕಳುಹಿಸಿದ್ದ ತಿಂಗಳ ವರದಿಗಳಲ್ಲಿ ಎಷ್ಟು ಈ ಬಗೆಯ ಉಳಿತಾಯಗಳಿದ್ದವೋ ಎಂದು ನೆನೆದು ಆ ರಾತ್ರಿ ಸ್ವಲ್ಪ ಹೊತ್ತು ನಿದ್ದೆ ಬರಲಿಲ್ಲ.

ಎರಡನೆಯ ವರ್ಷದಲ್ಲಿ ಕರಾರು ಮತ್ತು ದಾಖಲೆಗಳ ವಿಷಯವನ್ನು ಬೇಸರದ ಪಾಠವೆಂದು ತಿಳಿದೇ ತರಗತಿಗೆ ಹೋಗಿದ್ದೆ. ಮೊದಲ ದಿನವೇ ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನ ಪ್ರಕರಣವನ್ನು ಮುಂದಿಟ್ಟರು. 1981ರ ಜುಲೈ 17ರ ಸಂಜೆ ಆ ಹೋಟೆಲಿನ ಒಳಾಂಗಣದಲ್ಲಿ ತೂಗುಬಿಟ್ಟಿದ್ದ ಎರಡು ಕಾಲುಸೇತುವೆಗಳು ಕುಸಿದು 114 ಜನ ಸತ್ತರು. ಮೂಲ ವಿನ್ಯಾಸದಲ್ಲಿ ಚಾವಣಿಯಿಂದ ಇಳಿದ ಒಂದೇ ಉದ್ದನೆಯ ಉಕ್ಕಿನ ಸರಳು ನಾಲ್ಕನೆಯ ಮಹಡಿಯ ಸೇತುವೆಯನ್ನು ದಾಟಿ ಎರಡನೆಯ ಮಹಡಿಯ ಸೇತುವೆಯವರೆಗೂ ಹೋಗಬೇಕಿತ್ತು. ಹಾಗೆ ಮಾಡಿದರೆ ಸರಳಿನ ಬಹುಭಾಗಕ್ಕೆ ತಿರುಪು ಕೊರೆಯಬೇಕಾಗುತ್ತದೆ. ಅದು ತೊಡಕಿನ ಕೆಲಸ. ಅದರ ಬದಲು ಸರಳನ್ನು ಎರಡಾಗಿಸಿ, ಕೆಳಗಿನ ಸೇತುವೆಯನ್ನು ಮೇಲಿನ ಸೇತುವೆಯ ತೊಲೆಗಳಿಗೇ ತೂಗುಹಾಕುವಂತೆ ಬದಲಾಯಿಸಲಾಯಿತು. ಒಂದು ಹಗ್ಗಕ್ಕೆ ಇಬ್ಬರು ಜೋತುಬೀಳುವುದಕ್ಕೂ, ಮೇಲಿನವನ ಕಾಲನ್ನು ಹಿಡಿದು ಕೆಳಗಿನವನು ಜೋತುಬೀಳುವುದಕ್ಕೂ ಇರುವ ವ್ಯತ್ಯಾಸ ಇದು: ಹಗ್ಗದ ಮೇಲಿನ ಭಾರ ಅಷ್ಟೇ, ಮೇಲಿನವನ ಹಿಡಿತದ ಮೇಲಿನ ಭಾರ ಮಾತ್ರ ಎರಡು ಪಟ್ಟು. ಮೂಲ ವಿನ್ಯಾಸವೇ ನಿಯಮ ಕೇಳುವಷ್ಟು ಬಲವಾಗಿರಲಿಲ್ಲ ಎಂಬುದು ತನಿಖೆಯಲ್ಲಿ ಹೊರಬಂತು. ಬದಲಾದ ಜೋಡಣೆಯ ಲೆಕ್ಕವನ್ನಂತೂ ಯಾರೂ ಮಾಡಿರಲಿಲ್ಲ, ಆದರೆ ನಕ್ಷೆಯ ಮೇಲೆ ಎಂಜಿನಿಯರರ ಮುದ್ರೆ ಇತ್ತು.

ಆ ಪಾಠ ಮುಗಿದಾಗ ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ನಕ್ಷೆ ಒಪ್ಪಿಗೆಯಾಗಿ ಬರುವವರೆಗಿನ ಕಾಯುವಿಕೆಯನ್ನು ಸೈಟಿನಲ್ಲಿ ಎಲ್ಲರೂ ಬೈಯುತ್ತೇವೆ, ನಾನೂ ಬೈದಿದ್ದೇನೆ. ನಾನು ದುಡಿಯುತ್ತಿದ್ದ ಒಂದು ಕಟ್ಟಡದಲ್ಲಿ, ಒಪ್ಪಿಗೆಯ ಹಾಳೆ ಕೈಗೆ ಬರುವ ಮುನ್ನವೇ, ಫೋನಿನಲ್ಲಿ "ಆಯಿತು, ಮುಂದುವರಿಸಿ" ಎಂದರೆಂಬ ಧೈರ್ಯದ ಮೇಲೆ ಸ್ನಾನದ ಮನೆಗಳ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕಿಸಿಬಿಟ್ಟಿದ್ದೆ. ಒಪ್ಪಿಗೆಯಾಗಿ ಬಂದ ನಕ್ಷೆಯಲ್ಲಿ ಪೈಪು ಇಳಿಯುವ ಜಾಗ ಒಂದಡಿ ಪಕ್ಕಕ್ಕೆ ಸರಿದಿತ್ತು. ಮೂರು ದಿನ ಕೋರ್ ಕಟಿಂಗ್ ಯಂತ್ರ ಹಿಡಿದು ಗಟ್ಟಿಯಾದ ಕಾಂಕ್ರೀಟನ್ನು ಕೊರೆಯಬೇಕಾಯಿತು, ಅದೂ ಕಂಬಿಗೆ ತಗುಲಬಾರದೆಂದು ಜೀವ ಕೈಯಲ್ಲಿ ಹಿಡಿದುಕೊಂಡು. ನನಗೆ ಅದು ಮೂರು ದಿನದಲ್ಲಿ ಮುಗಿದದ್ದು ಅದೃಷ್ಟ ಮಾತ್ರ.

ಕಾಯುವಿಕೆಯನ್ನೆಲ್ಲ ಪೂಜಿಸಬೇಕೆಂದು ಇದರ ಅರ್ಥವಲ್ಲ. ನ್ಯೂಯಾರ್ಕಿನ 102 ಅಂತಸ್ತುಗಳ ಎಂಪೈರ್ ಸ್ಟೇಟ್ ಕಟ್ಟಡ 1930ರ ಮಾರ್ಚಿನಲ್ಲಿ ಆರಂಭವಾಗಿ 1931ರ ಮೇ 1ರಂದು ಉದ್ಘಾಟನೆಯಾಯಿತು. ನಗರದ ನಟ್ಟನಡುವೆ ಸಾಮಗ್ರಿ ಪೇರಿಸಿಡಲು ಜಾಗವಿಲ್ಲದ ಕಾರಣ, ಬಂದ ಸಾಮಗ್ರಿ ಬಂದಂತೆಯೇ ತನ್ನ ಮಹಡಿಯನ್ನು ಸೇರುವ ಹಾಗೆ ಸಾಗಣೆಯನ್ನು ಹೊಂದಿಸಿದ್ದರು. ಮಹಡಿಗಳ ಮೇಲೆ ಸಾಮಗ್ರಿ ಒಯ್ಯಲು ಚಿಕ್ಕ ಹಳಿಗಳೂ ಇದ್ದವು. ಅಲ್ಲಿ ಇಲ್ಲವಾಗಿಸಿದ್ದು ಸಾಮಗ್ರಿಗಾಗಿ ಮನುಷ್ಯರು, ಮನುಷ್ಯರಿಗಾಗಿ ಸಾಮಗ್ರಿ ಕಾಯುವ ಹೊತ್ತನ್ನು. ಕಾಂಕ್ರೀಟ್ ಗಟ್ಟಿಯಾಗಲು ಬೇಕಾದ ಹೊತ್ತು ಬೇರೆ ಜಾತಿಯದು. ಈ ಎರಡನ್ನೂ ಬೇರೆ ಮಾಡಿ ನೋಡುವುದಕ್ಕೇ ನನಗೆ ಎರಡು ವರ್ಷ ಹಿಡಿಯಿತು.

ಕೊನೆಯ ಸೆಮಿಸ್ಟರಿನ ಯೋಜನಾ ಕಾರ್ಯಕ್ಕಾಗಿ ಒಂದು ಸೈಟಿನ ವಾರದ ಸಭೆಗಳಲ್ಲಿ ಮೂರು ತಿಂಗಳು ಕುಳಿತಿದ್ದೆ. ಮುಂದಿನ ವಾರ ಇಂತಿಂಥ ಕೆಲಸ ಮುಗಿಸುತ್ತೇವೆಂದು ಒಪ್ಪಿಕೊಂಡವರು ಅವುಗಳಲ್ಲಿ ಎಷ್ಟನ್ನು ಮುಗಿಸಿದರು, ಉಳಿದವು ಏಕೆ ಮುಗಿಯಲಿಲ್ಲ ಎಂಬುದನ್ನು ದಾಖಲಿಸುವುದು ನನ್ನ ಕೆಲಸವಾಗಿತ್ತು. ಲಾಸ್ಟ್ ಪ್ಲಾನರ್ ಎಂಬ ಪದ್ಧತಿಯಲ್ಲಿ ಹೀಗೆ ಶೇಕಡಾವಾರು ಲೆಕ್ಕ ಇಡುತ್ತಾರೆ. ಆರಂಭದಲ್ಲಿ ಕಾರಣದ ಕಾಲಮಿನಲ್ಲಿ "ಕೆಲಸಗಾರರ ಕೊರತೆ" ಎಂದೇ ಎಲ್ಲರೂ ಬರೆಸುತ್ತಿದ್ದರು. ನಾಲ್ಕನೆಯ ವಾರ ಪ್ಲಾಸ್ಟರಿಂಗ್ ಮೇಸ್ತ್ರಿಯೊಬ್ಬರು ನನ್ನ ಹಾಳೆಯನ್ನು ತಿರುಗಿಸಿ ನೋಡಿ, "ಜನ ಇದ್ದರು ಸಾರ್, ಗೋಡೆ ಇರಲಿಲ್ಲ, ಕರೆಂಟಿನವರು ಇನ್ನೂ ಪೈಪು ಹಾಕಿ ಮುಗಿಸಿರಲಿಲ್ಲ. ಸುಮ್ಮನೆ ಕೂರಿಸುವುದು ಬೇಡ ಅಂತ ನಾನೇ ಬೇರೆ ಕಡೆ ಕಳಿಸಿದೆ" ಎಂದರು. ಆ ದಿನವೇ ಹಾಳೆಯಲ್ಲಿ ಇನ್ನೊಂದು ಕಾಲಮ್ ಎಳೆದು, "ಯಾರಿಗಾಗಿ ಕಾಯುತ್ತಿದ್ದರು" ಎಂದು ತಲೆಬರಹ ಕೊಟ್ಟೆ. ಮುಂದಿನ ಸಭೆಗೆ ಆ ಮೇಸ್ತ್ರಿ ಹದಿನೈದು ನಿಮಿಷ ಮೊದಲೇ ಬಂದು, ಕರೆಂಟಿನವರ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು.