ಮಿತಿಯೊಳಗೇ ಇದ್ದ ಒಂದು ಸಂಖ್ಯೆ

ಮಕ್ಕಳ ವಿಭಾಗದಲ್ಲಿ ತರಬೇತಿಯಲ್ಲಿದ್ದಾಗ ನಾಲ್ಕು ತಿಂಗಳ ಗಂಡುಮಗುವೊಂದರ ರಕ್ತಪರೀಕ್ಷೆಯ ವರದಿಯನ್ನು ನೋಡಿ, ತೊಂದರೆಯೇನೂ ಇಲ್ಲವೆಂದು ಸಹಿ ಹಾಕಿದ್ದೆ. ಬಿಳಿ ರಕ್ತಕಣಗಳು 8,000, ಅವುಗಳಲ್ಲಿ ಸೋಂಕಿನೊಡನೆ ಹೋರಾಡುವ ಲಿಂಫೋಸೈಟ್ ಎಂಬ ಬಗೆಯವು ಶೇ. 15. ಮಗುವಿಗೆ ವಾರಗಟ್ಟಲೆ ನಿಲ್ಲದ ಭೇದಿಯಿತ್ತು, ಬಾಯಲ್ಲಿ ಔಷಧಕ್ಕೆ ಬಗ್ಗದ ಶಿಲೀಂಧ್ರದ ಬಿಳಿ ಪದರವಿತ್ತು, ತೂಕ ಏರುತ್ತಿರಲಿಲ್ಲ.

ಮರುದಿನ ನಮ್ಮ ಹಿರಿಯ ವೈದ್ಯರು ಏನೂ ಹೇಳದೆ ವರದಿಯ ಅಂಚಿನಲ್ಲಿ ಲಿಂಫೋಸೈಟ್‌ಗಳ ಸಂಖ್ಯೆಯನ್ನು ಲೆಕ್ಕ ಮಾಡಿ, 1,200 ಎಂದು ಬರೆದು ಅದರ ಸುತ್ತ ಗೆರೆ ಎಳೆದರು. ಹಾಳೆಯಲ್ಲಿ ಅಚ್ಚಾಗಿದ್ದ ಮಿತಿ 1,000ದಿಂದ ಶುರುವಾಗುತ್ತಿತ್ತು. ಆದರೆ ಅದು ವಯಸ್ಕರ ಮಿತಿ. ಎಳೆಯ ಕೂಸಿನಲ್ಲಿ ಲಿಂಫೋಸೈಟ್‌ಗಳು ದೊಡ್ಡವರಿಗಿಂತ ಬಹಳ ಹೆಚ್ಚಿರುವುದರಿಂದ, ಮೈಕ್ರೋಲೀಟರಿಗೆ 3,000ಕ್ಕಿಂತ ಕೆಳಗಿಳಿದರೆ ತೀವ್ರ ಸಂಯುಕ್ತ ರೋಗನಿರೋಧಕ ಕೊರತೆಯನ್ನು, ಅಂದರೆ ನಾವು ‘ಸ್ಕಿಡ್’ ಎನ್ನುವುದನ್ನು, ಶಂಕಿಸಲೇಬೇಕು.

ಐಜಿಜಿ ಎಂಬ ಪ್ರತಿಕಾಯದ ಪ್ರಮಾಣ ತೀರಾ ಕಡಿಮೆ ಇರಲಿಲ್ಲವಲ್ಲ ಎಂದು ನಾನು ವಾದಿಸಿದೆ. ಗರ್ಭದಲ್ಲಿದ್ದಾಗ ತಾಯಿಯಿಂದ ಬಂದ ಐಜಿಜಿ ಕೆಲವು ತಿಂಗಳು ಮಗುವಿನ ರಕ್ತದಲ್ಲಿ ಉಳಿಯುತ್ತದೆ ಎಂಬುದನ್ನು ಓದಿಯೇ ಇದ್ದೆ, ಆದರೂ ಆ ಹೊತ್ತಿಗೆ ಹೊಳೆಯಲಿಲ್ಲ. ಎದೆಯ ಎಕ್ಸ್‌ರೇಯಲ್ಲಿ, ಟಿ ಲಿಂಫೋಸೈಟ್‌ಗಳು ಬಲಿಯುವ ಥೈಮಸ್ ಗ್ರಂಥಿಯ ನೆರಳು ಕಾಣಲಿಲ್ಲ. ಕಾಯಿಲೆಯ ಒತ್ತಡದಿಂದಲೂ ಥೈಮಸ್ ಕುಗ್ಗುವುದರಿಂದ ಅದನ್ನೊಂದನ್ನೇ ನಂಬುವಂತಿಲ್ಲ. ಲಿಂಫೋಸೈಟ್‌ಗಳ ಬಗೆಗಳನ್ನು ಬೇರೆಬೇರೆಯಾಗಿ ಎಣಿಸುವ ಫ್ಲೋ ಸೈಟೋಮೆಟ್ರಿಯಲ್ಲಿ ಬಿ ಕೋಶಗಳಿದ್ದವು, ಟಿ ಮತ್ತು ಎನ್‌ಕೆ ಕೋಶಗಳು ಇಲ್ಲವೆನ್ನುವಷ್ಟು ಕಡಿಮೆಯಿದ್ದವು. ಎಕ್ಸ್ ವರ್ಣತಂತುವಿನಲ್ಲಿದ್ದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವ, ಐಎಲ್2ಆರ್‌ಜಿ ಜೀನಿನ ದೋಷ ಜೀನ್ ಪರೀಕ್ಷೆಯಲ್ಲಿ ದೃಢಪಟ್ಟಿತು. ತಾಯಿಯ ಇಬ್ಬರು ಸಹೋದರರು ಹಸುಗೂಸುಗಳಾಗಿದ್ದಾಗಲೇ ‘ನ್ಯುಮೋನಿಯಾ’ದಿಂದ ತೀರಿಕೊಂಡಿದ್ದ ಸಂಗತಿ ಆಮೇಲೆ ತಿಳಿಯಿತು. ನಾನು ಕೇಳಿದ್ದು ಮಗುವಿನ ಒಡಹುಟ್ಟಿದವರ ಬಗ್ಗೆ ಮಾತ್ರ.

ಚಿಕಿತ್ಸೆಯಲ್ಲಿ ಏನನ್ನು ಕೊಡಬಾರದು ಎಂಬುದೂ ಅಷ್ಟೇ ಮುಖ್ಯ. ಬಿಸಿಜಿಯಂತಹ ಜೀವಂತ ಲಸಿಕೆ ಇಂಥ ಮಗುವಿನ ಮೈಯೆಲ್ಲ ಹರಡಿ ಪ್ರಾಣಕ್ಕೇ ಎರವಾಗಬಹುದು. ದಾನಿಯ ಲಿಂಫೋಸೈಟ್‌ಗಳು ಮಗುವಿನ ಅಂಗಾಂಗಗಳ ಮೇಲೆಯೇ ಎರಗುವ ಅಪಾಯವಿರುವುದರಿಂದ, ವಿಕಿರಣಕ್ಕೆ ಒಡ್ಡದ ರಕ್ತವನ್ನು ಏರಿಸುವಂತಿಲ್ಲ. ಮಗುವನ್ನು ಪ್ರತ್ಯೇಕ ಕೋಣೆಯಲ್ಲಿರಿಸಿ, ನ್ಯುಮೋಸಿಸ್ಟಿಸ್ ಎಂಬ ಶ್ವಾಸಕೋಶದ ಶಿಲೀಂಧ್ರ ಸೋಂಕನ್ನು ತಡೆಯಲು ಕೋಟ್ರೈಮಾಕ್ಸಜೋಲ್ ಔಷಧವನ್ನೂ ರಕ್ತನಾಳದ ಮೂಲಕ ಇಮ್ಯುನೊಗ್ಲಾಬ್ಯುಲಿನ್ ಅನ್ನೂ, ಅಂದರೆ ದಾನಿಗಳ ಪ್ರತಿಕಾಯಗಳನ್ನೂ, ಕೊಟ್ಟೆವು. ಅಮೆರಿಕದ ವೈದ್ಯ ಬ್ರೂಟನ್ 1952ರಲ್ಲಿ ವಿವರಿಸಿದ, ಪ್ರತಿಕಾಯಗಳಷ್ಟೇ ಇಲ್ಲದ ಕಾಯಿಲೆಯಲ್ಲಿ ಮೂರು-ನಾಲ್ಕು ವಾರಗಳಿಗೊಮ್ಮೆ ಕೊಡುವ ಇದೇ ಇಮ್ಯುನೊಗ್ಲಾಬ್ಯುಲಿನ್ ಬಾಳಿನುದ್ದಕ್ಕೂ ಆಸರೆಯಾಗುತ್ತದೆ. ಸ್ಕಿಡ್‌ನಲ್ಲಿ ಅದು ಅಸ್ಥಿಮಜ್ಜೆಯ ಕಸಿಯವರೆಗಿನ ದಾರಿಯಷ್ಟೇ. ನಮ್ಮ ಮಗುವಿಗೆ ಅಕ್ಕನ ಅಸ್ಥಿಮಜ್ಜೆ ಹೊಂದಿತು. ಆದರೆ ಸೋಂಕನ್ನು ಹೊತ್ತುಕೊಂಡೇ ಕಸಿಗೆ ಹೋದ ಆ ಮಗು ಹಲವು ವಾರ ಸಾವು-ಬದುಕಿನ ನಡುವೆ ಇತ್ತು.

ಎರಡು ವರ್ಷಗಳ ನಂತರ ಆ ತಾಯಿಯ ತಂಗಿ ಹೆರಿಗೆಗೆ ಬಂದರು. ಹುಟ್ಟಿದ ದಿನವೇ ಹೊಕ್ಕುಳಬಳ್ಳಿಯ ರಕ್ತವನ್ನು ಪರೀಕ್ಷೆಗೆ ಕಳಿಸಿ, ಬಿಸಿಜಿ ತಡೆಹಿಡಿಯಬೇಕೆಂದು ಮಗುವಿನ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದೆ. ಅದೇ ದೋಷವಿದ್ದ ಆ ಮಗುವಿಗೆ, ಒಂದೂ ಸೋಂಕು ತಗಲುವ ಮೊದಲೇ, ಎರಡನೆಯ ತಿಂಗಳಲ್ಲಿ ಕಸಿಯಾಯಿತು.